ನಾಲ್ಕು ಮೈಕ್ರಾನಿನ ಸಾಕ್ಷಿ (ಕಂತು ೧೧: ಕರೆಯದೆ ಬಂದ ನೆಂಟ)

“ಇದು ನನ್ನ ಕೈ ಕೆಲಸ ಅಲ್ಲ ಸಾರ್,” ಅಂದಳು ಮೇಣಕ್ಕ. ಸೂಕ್ಷ್ಮದರ್ಶಕದಿಂದ ಕಣ್ಣು ಮಾತ್ರ ತೆಗೆಯಲಿಲ್ಲ.

ಇನ್‌ಸ್ಪೆಕ್ಟರ್ ಗೋಡೆಯ ಗಡಿಯಾರ ನೋಡಿದ. ಹನ್ನೆರಡು ದಾಟಿ ಹತ್ತು ನಿಮಿಷ. “ಸ್ಲೈಡಿನ ಚೀಟಿ ಮೇಲೆ ನಿಮ್ಮ ಗುರುತಿದೆ. ರಿಜಿಸ್ಟರಿನಲ್ಲಿ ನಿಮ್ಮ ಸಹಿ ಇದೆ. ಕೈ ಮಾತ್ರ ಬೇರೆಯವರದು ಅಂತೀರಿ.”

“ಚೀಟಿ ಮುದ್ರಿಸೋದು ಮಶೀನು. ನೀವು ಹೋಗಿ ಗುಂಡಿ ಒತ್ತಿದರೂ ನನ್ನ ಗುರುತೇ ಹಾಕಿಕೊಡುತ್ತೆ.”

“ಹಾಗಾದರೆ ನೀವು ಕತ್ತರಿಸಿದ ಸ್ಲೈಡುಗಳು ಎಲ್ಲಿ ಹೋದವು?”

“ಅದನ್ನ ಕಂಡುಹಿಡಿಯೋಕೇ ತಾನೆ ನಿಮ್ಮನ್ನ ಕರೆಸಿದ್ದು.”

ಅಂಗಾಂಶ ಬ್ಯಾಂಕಿನ ಮೂರನೇ ಮಹಡಿಯಲ್ಲಿ, ಕತ್ತರಿಸುವ ಕೋಣೆ ಎಂದು ಬಾಗಿಲ ಮೇಲೆ ಬರೆದ ಆ ಕೋಣೆಯಲ್ಲಿ ಕರಗಿದ ಮೇಣದ ವಾಸನೆ ಸದಾ ಇರುತ್ತದೆ. ಹತ್ತೊಂಬತ್ತು ವರ್ಷದಿಂದ ಇಲ್ಲಿ ಮನುಷ್ಯರ ದೇಹದ ಚೂರುಗಳನ್ನು ಮೇಣದಲ್ಲಿ ಹೂತು, ಬ್ಲಾಕುಗಳಾಗಿ ಮಾಡಿ, ಬೇಕೆಂದಾಗ ಹಾಳೆಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಕೂರಿಸುವುದು ಅವಳ ಕೆಲಸ. ಮೇಣಕ್ಕ ಎಂಬ ಹೆಸರು ಹಾಗೆ ಅಂಟಿಕೊಂಡದ್ದು. ಸಂಜೆ ಎಷ್ಟು ಸೋಪು ಹಾಕಿ ತೊಳೆದರೂ ಉಗುರ ಸಂದಿಯ ಮೇಣ ಹೋಗದ ಹಾಗೆ, ಆ ಹೆಸರೂ ಹೋಗಲಿಲ್ಲ.

ಅವಳ ಮುಂದೆ ಹತ್ತು ಸ್ಲೈಡುಗಳ ಮರದ ಪೆಟ್ಟಿಗೆ ಇತ್ತು. ಹಟ ಹಿಡಿದು, ಅರ್ಜಿಯ ಮೇಲೆ ಅರ್ಜಿ ಬರೆದು, ಕೊನೆಗೆ ಇನ್‌ಸ್ಪೆಕ್ಟರನ ಜವಾಬ್ದಾರಿಯ ಮೇಲೆ ಅದನ್ನು ಕೋರ್ಟಿನಿಂದ ಅರ್ಧ ದಿನದ ಮಟ್ಟಿಗೆ ತರಿಸಿಕೊಂಡಿದ್ದಳು. ಮೂರು ಗಂಟೆಗೆ ಅದು ನ್ಯಾಯಾಧೀಶರ ಮೇಜಿನ ಮೇಲೆ ವಾಪಸ್ಸು ಇರಬೇಕು.

ಒಂಬತ್ತು ವರ್ಷದ ಹಿಂದೆ ಆಪರೇಷನ್ನಿನಲ್ಲಿ ತೆಗೆದ ಶ್ವಾಸಕೋಶದ ಚೂರಿನ ಕಥೆ ಅದು. ಅದರ ಒಡೆಯ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಶೀಟು ಮಾಡುವ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವನು, ಕಳೆದ ವರ್ಷ ಉಸಿರಿಗೆ ಒದ್ದಾಡಿ ಒದ್ದಾಡಿ ತೀರಿಕೊಂಡ. ಶೆಡ್ಡಿನ ಧೂಳೇ ಅಪ್ಪನನ್ನು ತಿಂದದ್ದು ಎಂದು ಮಗಳು ಕೋರ್ಟಿಗೆ ಹೋದಳು. ಶೆಡ್ಡಿಗೆ ಬೀಗ ಬಿತ್ತು. ಆದರೆ ಬ್ಯಾಂಕಿನಿಂದ ಹೋದ ಸ್ಲೈಡುಗಳಲ್ಲಿ ಕಲ್ನಾರಿನ ಒಂದೇ ಒಂದು ಎಳೆಯೂ ಇಲ್ಲ, ಇದು ಆರೋಗ್ಯವಂತರ ಶ್ವಾಸಕೋಶ ಎಂದು ಕೋರ್ಟಿನ ತಜ್ಞರು ಬರೆದುಕೊಟ್ಟರು. ಇವತ್ತು ಮೂರು ಗಂಟೆಯೊಳಗೆ ಬೇರೆ ಸಾಕ್ಷಿ ಬರದಿದ್ದರೆ ಬೀಗ ತೆಗೆಯುತ್ತಾರೆ. ನಾಳೆ ಬೆಳಿಗ್ಗೆ ನಲವತ್ತೆರಡು ಜನ ಮತ್ತೆ ಅದೇ ಧೂಳಿನೊಳಗೆ ಹೋಗುತ್ತಾರೆ. ಅವರಲ್ಲಿ ಒಬ್ಬ ಆ ಮಗಳ ಒಡಹುಟ್ಟಿದ ತಮ್ಮ.

ಮಗಳು ಬಸ್ ಕಂಡಕ್ಟರ್. ಬೆಳಿಗ್ಗೆಯಿಂದ ಯೂನಿಫಾರ್ಮಿನಲ್ಲೇ ಕೆಳಗೆ ಹಿತ್ತಲಿನ ಅಂಗಳದ ಬೆಂಚಿನ ಮೇಲೆ ಕೂತಿದ್ದಾಳೆ.

“ನಾಲ್ಕನೇ ತಾರೀಕು ನಾನು ಕತ್ತರಿಸಿದಾಗ ಬ್ಲೇಡು ಕರಕರ ಅಂದಿತ್ತು,” ಅಂದಳು ಮೇಣಕ್ಕ. “ಮರಳು ಬೆರೆತ ಸಾಬೂನು ಕೊಯ್ದ ಹಾಗೆ. ಹತ್ತು ಸ್ಲೈಡಿಗೆ ಎರಡು ಬ್ಲೇಡು ಹಾಳಾಯಿತು. ಈ ಶ್ವಾಸಕೋಶ ನೋಡಿ, ಬೆಣ್ಣೆ ಕೊಯ್ದ ಹಾಗಿದೆ.”

“ಕರಕರ ಅಂದಿತ್ತು ಅಂತ ಜಡ್ಜ್ ಮುಂದೆ ಹೇಳಲಾ? ‘ಸ್ವಾಮಿ, ಸದ್ದು ಬಂದಿತ್ತಂತೆ’ ಅಂತ?”

“ಹೇಳಬೇಡಿ. ಇಲ್ಲಿ ಬನ್ನಿ, ನೋಡಿ.”

ಇನ್‌ಸ್ಪೆಕ್ಟರ್ ಕುರ್ಚಿಯಿಂದ ಏಳಲಿಲ್ಲ. ಮನುಷ್ಯರ ಒಳಗಿನ ಭಾಗಗಳೆಂದರೆ ಅವನಿಗೆ ಆಗುವುದಿಲ್ಲ. ಮೊದಲ ದಿನ ಗಾಜಿನ ಸೀಸೆಯೊಂದನ್ನು ನೋಡಿ ಗೋಡೆ ಹಿಡಿದುಕೊಂಡು ನಿಂತಿದ್ದ.

“ರಕ್ತ ಇಲ್ಲ, ಮಾಂಸ ಇಲ್ಲ. ಬರೀ ಬಣ್ಣ. ಸೀರೆ ಅಂಚು ನೋಡ್ತಿದೀನಿ ಅಂದುಕೊಳ್ಳಿ.”

ಅವನು ಬಂದು ಒಂದು ಕಣ್ಣು ಮುಚ್ಚಿ ಬಗ್ಗಿದ. ಗುಲಾಬಿ ಬಣ್ಣದ ಜಾಲರಿ ಕಂಡಿತು. ಸಾವಿರಾರು ಖಾಲಿ ಕಣ್ಣುಗಳ ತೆಳ್ಳನೆಯ ಬಲೆ.

“ಇದು ಶ್ವಾಸಕೋಶ. ಖಾಲಿ ಇರೋದು ಗಾಳಿಯ ಜಾಗ,” ಎಂದು ಅವಳು ತಿರುಪು ತಿರುಗಿಸಿದಳು. ಜಾಲರಿ ಸರಿಯುತ್ತ ಹೋಗಿ ಗಾಜಿನ ಮೂಲೆ ಬಂತು. “ಈಗ ಏನು ಕಾಣುತ್ತೆ?”

“ಬೇರೆ ಥರ ಇದೆ. ದುಂಡು ದುಂಡು ಕೆರೆಗಳು. ಒಳಗೆ ಗುಲಾಬಿ ಜೆಲ್ಲಿ ತುಂಬಿದ ಹಾಗೆ.”

“ಶ್ವಾಸಕೋಶದಲ್ಲಿ ಅಂಥ ಕೆರೆ ಇರಲ್ಲ ಸಾರ್. ಅದು ಥೈರಾಯ್ಡ್ ಗ್ರಂಥಿ. ಕುತ್ತಿಗೆಯಲ್ಲಿರೋದು.”

ಇನ್‌ಸ್ಪೆಕ್ಟರ್ ತಲೆ ಎತ್ತಿದ. “ಎದೆಯ ಚೂರಿನ ಪಕ್ಕ ಕುತ್ತಿಗೆ ಹೇಗೆ ಬಂತು?”

“ನೆಂಟನಾಗಿ ಬಂತು,” ಅಂದಳು ಮೇಣಕ್ಕ. ಅವಳ ದನಿಯಲ್ಲಿ ನಗು ತುಳುಕುತ್ತಿತ್ತು. ಹತ್ತು ದಿನದಲ್ಲಿ ಮೊದಲ ಸಲ.

ಅವನನ್ನು ಕೈ ಹಿಡಿದು ಎಳೆಯುವುದೊಂದು ಬಾಕಿ, ಹಾಗೆ ಪಕ್ಕದ ಮೇಜಿಗೆ ಕರೆದೊಯ್ದಳು. ಅಲ್ಲಿ ಕತ್ತರಿಸುವ ಯಂತ್ರ, ಅದರ ಪಕ್ಕದಲ್ಲಿ ತಟ್ಟೆಯಷ್ಟಗಲದ ಬಿಸಿನೀರಿನ ತೊಟ್ಟಿ. ಅವಳು ಒಂದು ಬ್ಲಾಕು ಸಿಕ್ಕಿಸಿ ಹಿಡಿಕೆ ತಿರುಗಿಸಿದಳು. ಬ್ಲೇಡಿನ ಅಂಚಿನಿಂದ ತೆಳ್ಳನೆಯ ರಿಬ್ಬನ್ನು ಇಳಿಯಿತು. ನಾಲ್ಕು ಮೈಕ್ರಾನು ದಪ್ಪ. ಒಂದು ಕೂದಲನ್ನು ಉದ್ದಕ್ಕೆ ಇಪ್ಪತ್ತು ಪದರ ಸೀಳಿದರೆ ಸಿಗುವ ಒಂದು ಪದರ. ಅದನ್ನು ಕುಂಚದ ತುದಿಯಲ್ಲಿ ಎತ್ತಿ ನೀರಿನ ಮೇಲೆ ತೇಲಿಬಿಟ್ಟಳು. ಬಿಸಿಗೆ ಸುಕ್ಕು ಬಿಚ್ಚಿ ಹರಡಿಕೊಂಡಿತು. ಗಾಜನ್ನು ನೀರಿನೊಳಗೆ ಇಳಿಸಿ ಮೇಲಕ್ಕೆತ್ತಿದಾಗ ಅದು ತಾನಾಗಿ ಗಾಜಿಗೆ ಅಂಟಿಕೊಂಡು ಬಂತು.

“ಒಂದು ಬ್ಲಾಕು ಮುಗಿದ ಮೇಲೆ ನೀರಿನ ಮೇಲ್ಮೈಯನ್ನ ಕಾಗದದಿಂದ ಒರೆಸಬೇಕು. ಒರೆಸದಿದ್ದರೆ ಹಿಂದಿನವರ ಚೂರು ತೇಲ್ತಾ ಇರುತ್ತೆ. ಮುಂದಿನವರ ಗಾಜಿಗೆ ಹತ್ತಿಕೊಂಡು ಬರುತ್ತೆ. ನಾವು ಅದನ್ನ ನೆಂಟ ಅಂತೀವಿ. ಕರೆಯದೆ ಬರ್ತಾನೆ, ಹೋಗು ಅಂದರೆ ಹೋಗಲ್ಲ.”

“ನೀವು ಒರೆಸಲಿಲ್ಲವೋ ಏನೋ.”

“ಒರೆಸದೆ ಬಿಟ್ಟಿದ್ದರೂ ಇದು ಬರೋಕೆ ಸಾಧ್ಯ ಇರಲಿಲ್ಲ. ನಾನು ಫೋರ್‌ಮನ್ ಸ್ಲೈಡು ಮಾಡಿದ್ದು ನಾಲ್ಕನೇ ತಾರೀಕು. ಈ ವರ್ಷ ನಮ್ಮ ಬ್ಯಾಂಕಿಗೆ ಬಂದದ್ದು ಒಂದೇ ಒಂದು ಥೈರಾಯ್ಡ್. ಅದು ಆಸ್ಪತ್ರೆಯಿಂದ ಬಂದದ್ದು ಹನ್ನೊಂದನೇ ತಾರೀಕು.”

ಇನ್‌ಸ್ಪೆಕ್ಟರ್ ಬೆರಳು ಮಡಿಸಿ ಲೆಕ್ಕ ಹಾಕಿದ. “ನಾಲ್ಕರಂದು ಕತ್ತರಿಸಿದ ಸ್ಲೈಡಿನಲ್ಲಿ ಹನ್ನೊಂದರಂದು ಬಂದ ನೆಂಟ.”

“ಪೆಟ್ಟಿಗೆ ಕೋರ್ಟಿಗೆ ಹೋದದ್ದು ಹದಿಮೂರಕ್ಕೆ. ಅಂದರೆ ನಡುವಿನ ಎರಡು ದಿನದಲ್ಲಿ ಯಾರೋ ನನ್ನ ಸ್ಲೈಡು ತೆಗೆದು, ಬೇರೆ ಶ್ವಾಸಕೋಶ ಕತ್ತರಿಸಿ, ಅದೇ ಚೀಟಿ ಅಂಟಿಸಿ ಇಟ್ಟಿದಾರೆ. ಕತ್ತರಿಸೋ ಅವಸರದಲ್ಲಿ ನೀರು ನೋಡಲಿಲ್ಲ.”

“ಭಲೇ,” ಅಂದ ಇನ್‌ಸ್ಪೆಕ್ಟರ್. ಹತ್ತು ದಿನದಿಂದ ಅವಳನ್ನು ಅನುಮಾನದಿಂದಲೇ ನೋಡುತ್ತಿದ್ದ ಕಣ್ಣು ಮೊದಲ ಸಲ ಮಿನುಗಿತು. “ಹದಿನಾರು ವರ್ಷ ಸರ್ವೀಸಿನಲ್ಲಿ ಬೆರಳಚ್ಚು ನೋಡಿದೀನಿ, ಕಾಲಿನ ಗುರುತು ನೋಡಿದೀನಿ. ಕುತ್ತಿಗೆಯ ಚೂರು ಸಾಕ್ಷಿ ಹೇಳಿದ್ದು ಇದೇ ಮೊದಲು.”

ಡ್ರಾಯರಿನೊಳಗೆ ಅವಳ ಫೋನು ಗುರ್ರೆಂದಿತು. ಬೆಳಿಗ್ಗೆಯಿಂದ ನಾಲ್ಕನೇ ಸಲ. ಸೊಸೆಯ ಆಫೀಸಿಗೆ ಪೊಲೀಸರು ಬಂದಿದ್ದಾರೆಂದು ಗೊತ್ತಾದ ದಿನದಿಂದ ಅತ್ತೆಗೆ ಮಧ್ಯಾಹ್ನದ ನಿದ್ದೆ ಇಲ್ಲ.

“ಯಾರು ಅಂತ ಗೊತ್ತಾಯ್ತಾ?” ಅಂದರು ಅತ್ತೆ, ಹಲೋ ಕೂಡ ಹೇಳದೆ.

“ಇಲ್ಲ ಅತ್ತೆ. ಆಮೇಲೆ ಮಾಡ್ತೀನಿ.”

“ಮೃದುವಾಗಿ ಮಾತಾಡೋರ ಮೇಲೆ ಒಂದು ಕಣ್ಣಿಡು. ನಮ್ಮ ಮಾವನೋರು ಹಾಗೇ ಇದ್ದರು.”

ಅವಳು ಫೋನನ್ನು ಮತ್ತೆ ಒಳಗೆ ತಳ್ಳಿ ಡ್ರಾಯರು ಮುಚ್ಚಿದಳು.

ಇನ್‌ಸ್ಪೆಕ್ಟರ್ ಆಗಲೇ ರಿಜಿಸ್ಟರಿನ ಪುಟ ತಿರುವುತ್ತಿದ್ದ. “ಥೈರಾಯ್ಡ್ ಕತ್ತರಿಸಿದ್ದು ಯಾರು? ಅವರ ಹಿಂದೆಯೇ ಈ ಕೆಲಸ ಆಗಿದೆ. ಬಹುಶಃ ಅವರೇ.”

ಬೆರಳು ಒಂದು ಸಾಲಿನ ಮೇಲೆ ನಿಂತಿತು. ಮೇಣಕ್ಕ ಅವನ ಭುಜದ ಮೇಲಿಂದ ಓದಿದಳು. ಮುಖದ ನಗು ಕರಗಿಹೋಯಿತು.

ಹನ್ನೆರಡನೇ ತಾರೀಕು, ಬೆಳಿಗ್ಗೆ ಹನ್ನೊಂದು. ಥೈರಾಯ್ಡ್, ಆರು ಸ್ಲೈಡು. ಪಕ್ಕದಲ್ಲಿದ್ದದ್ದು ಅವಳಿಗೆ ಈ ಕೆಲಸ ಕಲಿಸಿದವರ ಸಹಿ.

*

ಬ್ಯಾಂಕಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಾರೆ. ಇನ್ನು ನಾಲ್ಕು ವಾರಕ್ಕೆ ನಿವೃತ್ತಿ. ಈ ಊರಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಬ್ಲೇಡು ಹಿಡಿದ ಕೈಗಳನ್ನು ಅವರೇ ತಿದ್ದಿದ್ದು. ಹೆಂಡತಿ ಹೋದ ಮೇಲೆ ಮನೆಗಿಂತ ಹೆಚ್ಚಾಗಿ ಇಲ್ಲೇ ಇರುತ್ತಾರೆ.

ಅವರು ಎರಡನೇ ಮಹಡಿಯಲ್ಲಿ, ಮೇಣ ಸುರಿಯುವ ಯಂತ್ರದ ಮುಂದೆ ಕೂತಿದ್ದರು. ಬೆನ್ನು ನೆಟ್ಟಗೆ, ಕೋಟಿನ ಗುಂಡಿ ಕತ್ತಿನವರೆಗೆ. ಹೆಜ್ಜೆಯ ಸದ್ದಿಗೆ ತಿರುಗದೆ ಅಂದರು, “ಎರಡು ಜನ ಬರ್ತಿದೀರಿ. ಒಬ್ಬರದು ಬೂಟು.”

“ಇನ್‌ಸ್ಪೆಕ್ಟರ್ ಸಾಹೇಬರು ಮೇಷ್ಟ್ರೇ.”

“ಕೂರೋಕೆ ಹೇಳು. ಮೇಣ ಆರಿ ಹೋಗುತ್ತೆ, ಇದೊಂದು ಮುಗಿಸ್ತೀನಿ.”

“ಹನ್ನೆರಡನೇ ತಾರೀಕು ಥೈರಾಯ್ಡ್ ಕತ್ತರಿಸಿದ್ದು ನೀವೇ ತಾನೆ?”

“ರಿಜಿಸ್ಟರ್ ಓದೋಕೆ ಬರಲ್ವಾ ನಿನಗೆ?”

“ಆಮೇಲೆ ನೀರು ಒರೆಸಿದಿರಾ?”

ಮೇಷ್ಟ್ರ ಕೈ ನಿಂತಿತು. ಚಿಮಟದ ತುದಿಯಲ್ಲಿ ಹಿಡಿದಿದ್ದ ಚೂರು ಮೇಣದೊಳಗೆ ಇಳಿಯದೆ ಹಾಗೇ ನೇತಾಡಿತು.

“ನಾನು ಸೇರಿದ ಹೊಸದರಲ್ಲಿ ಒಂದು ಸಲ ಒರೆಸದೆ ಬಿಟ್ಟಿದ್ದೆ,” ಅಂದಳು ಮೇಣಕ್ಕ. “ಒಂದು ವಾರ ಯಂತ್ರ ಮುಟ್ಟೋಕೆ ಬಿಡಲಿಲ್ಲ ನೀವು. ‘ಇನ್ನೊಬ್ಬರ ಕಾಯಿಲೆಯನ್ನ ಮತ್ತೊಬ್ಬರ ಗಾಜಿಗೆ ಅಂಟಿಸ್ತೀಯಲ್ಲ, ನಿದ್ದೆ ಹೇಗೆ ಬರುತ್ತೆ’ ಅಂದಿರಿ. ಮನೆಗೆ ಹೋಗಿ ಅತ್ತಿದ್ದೆ. ಅಂಥವರು ಮರೆತಿರೋಕೆ ಸಾಧ್ಯವೇ ಇಲ್ಲ.”

“ಮರೆತಿಲ್ಲ.”

“ಮತ್ತೆ?”

“ಒರೆಸಿದೆ ಅಂತಲೇ ತಿಳಿದಿದ್ದೆ.” ಮೇಷ್ಟ್ರು ಚಿಮಟ ಕೆಳಗಿಟ್ಟರು. ಕನ್ನಡಕ ತೆಗೆದರು. ಬೂದು ಬಣ್ಣದ ಎರಡು ಕಣ್ಣುಗಳು ಮೇಣಕ್ಕನ ಮುಖದ ಮೇಲೆ ನಿಂತವು. ಸರಿಯಾಗಿ ಅವಳ ಮೇಲಲ್ಲ, ಕಿವಿಯ ಹತ್ತಿರ ಎಲ್ಲೋ. “ಪೊರೆ ಬಂದಿದೆ ಕಣೇ. ಎರಡಕ್ಕೂ. ಆರು ತಿಂಗಳಾಯಿತು. ನೀರು ಹೊಳೆಯೋದು ಗೊತ್ತಾಗುತ್ತೆ, ಅದರ ಮೇಲೆ ಏನಿದೆ ಗೊತ್ತಾಗಲ್ಲ.”

“ಆರು ತಿಂಗಳಿಂದ ಹೇಗೆ ಕತ್ತರಿಸ್ತಿದೀರಿ?”

“ಕೈಯಿಂದ. ಕಿವಿಯಿಂದ. ಮೂವತ್ತೇಳು ವರ್ಷ ಮಾಡಿದ್ದಕ್ಕೆ ಕಣ್ಣು ಯಾಕೆ ಬೇಕು.” ನಗಲು ನೋಡಿದರು, ಆಗಲಿಲ್ಲ. “ಹೇಳಿದ್ದರೆ ಅವತ್ತೇ ಮನೆಗೆ ಕಳಿಸ್ತಿದ್ದರು. ಮನೆಯಲ್ಲಿ ಯಾರಿದಾರೆ ನನಗೆ?”

ಇನ್‌ಸ್ಪೆಕ್ಟರ್ ಕೆಮ್ಮಿದ. ಅನುಕಂಪಕ್ಕೆ ಸಮಯವಿರಲಿಲ್ಲ. ಒಂದು ಗಂಟೆ ಆಗುತ್ತ ಬಂದಿತ್ತು. “ಥೈರಾಯ್ಡ್ ಆದ ಮೇಲೆ ಅದೇ ನೀರಿನಲ್ಲಿ ನೀವು ಒಂದು ಶ್ವಾಸಕೋಶ ಕತ್ತರಿಸಿದಿರಿ.”

“ಇಲ್ಲ.”

“ಯಾರು ಕತ್ತರಿಸಿದರು?”

“ಹನ್ನೊಂದೂವರೆಗೆ ಕಣ್ಣಿನ ಆಸ್ಪತ್ರೆಗೆ ಹೋದೆ. ಕತ್ತರಿಸೋ ಕೋಣೆಗೆ ಬೀಗ ಹಾಕಿ ಕೀಲಿ ಮೊಳೆಗೆ ನೇತುಹಾಕಿದ್ದೆ. ವಾಪಸ್ಸು ಬಂದಾಗ ಮೂರು.”

“ಕೀಲಿ ಮೊಳೆಯಲ್ಲಿತ್ತು ಅಂದರೆ ಇಡೀ ಕಟ್ಟಡದವರ ಕೈಯಲ್ಲಿತ್ತು ಅಂತ ಅರ್ಥ. ಅನುಕೂಲಕರವಾದ ಉತ್ತರ.”

“ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಗೊತ್ತಿಲ್ಲ ಸಾಹೇಬರೇ. ಗೊತ್ತಿದ್ದರೆ ಹೇಳ್ತಿದ್ದೆ.”

ಮೇಣಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ನಂಬಬೇಕು ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ನಂಬಬಾರದು ಎಂದು ಕಲಿಸಿದವರೂ ಅವರೇ. ಗಾಜು ತೋರಿಸಿದ್ದನ್ನು ಮಾತ್ರ ನಂಬು.

“ಸೂಕ್ಷ್ಮದರ್ಶಕದಲ್ಲಿ ನಿಮಗೆ ಕಾಣುತ್ತಾ?” ಕೇಳಿದಳು.

“ಎಡಗಣ್ಣಿಗೆ. ದೀಪ ಪೂರ್ತಿ ಏರಿಸಿದರೆ ಒಂದು ಮಟ್ಟಿಗೆ.”

ಆ ಕೋಣೆಯಲ್ಲೂ ಒಂದು ಸೂಕ್ಷ್ಮದರ್ಶಕ ಇತ್ತು. ಇನ್‌ಸ್ಪೆಕ್ಟರ್ ಪೆಟ್ಟಿಗೆ ತೆರೆದು ಒಂದು ಸ್ಲೈಡನ್ನು, ತನ್ನ ಮಗುವನ್ನು ಬೇರೆಯವರ ಕೈಗೆ ಕೊಡುವಷ್ಟು ಹಿಂಜರಿಕೆಯಿಂದ ಕೊಟ್ಟ. ಮೇಣಕ್ಕ ದೀಪ ಏರಿಸಿದಳು. ಮೇಷ್ಟ್ರು ಎಡಗಣ್ಣು ಇಟ್ಟರು.

ಅವರ ಬೆರಳುಗಳು ತಿರುಪಿನ ಮೇಲೆ ತಾವಾಗಿ ಓಡಾಡಿದವು. ಜಾಲರಿಯನ್ನು ಸಾಲು ಸಾಲಾಗಿ, ಹೊಲ ಉಳುವ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಓದುತ್ತ ಹೋದರು.

“ಕಲ್ನಾರು ಇಲ್ಲ. ಸಿಗರೇಟಿನ ಮಸಿಯೂ ಇಲ್ಲ. ಅಡುಗೆ ಹೊಗೆ ಸ್ವಲ್ಪ ಕುಡಿದಿರೋ ಎದೆ. ಆ ಫೋರ್‌ಮನ್‌ದು ಅಲ್ಲವೇ ಅಲ್ಲ ಇದು. ಇದು ಯಾರೋ…”

ಮಾತು ಅಲ್ಲೇ ನಿಂತಿತು. ತಿರುಪಿನ ಮೇಲಿನ ಬೆರಳೂ ನಿಂತಿತು.

ಮೇಣದ ಯಂತ್ರ ಗುನುಗುತ್ತಿತ್ತು.

“ಮೇಷ್ಟ್ರೇ?”

“ಇಲ್ಲೊಂದು ಗಾಯದ ಕಲೆ ಇದೆ, ನೋಡು,” ಅಂದರು. ದನಿ ಬೇರೆಯವರದು ಅನ್ನಿಸುವಷ್ಟು ತಗ್ಗಿತ್ತು. “ಚಿಕ್ಕಂದಿನಲ್ಲಿ ಸೋಂಕಾಗಿ, ವಾಸಿಯಾಗಿ, ಸುಣ್ಣಗಟ್ಟಿರೋದು. ಈರುಳ್ಳಿ ಬಿಲ್ಲೆ ಥರ ಸುತ್ತು ಸುತ್ತಾಗಿದೆ. ಒಂದು ಕಡೆ ಸುತ್ತು ಕೂಡಿಲ್ಲ, ಬಾಗಿಲು ಬಿಟ್ಟ ಹಾಗಿದೆ. ಅಲ್ಲಿಂದ ಕೆಳಕ್ಕೆ ಒಂದು ಗೀರು. ಸುಣ್ಣಕ್ಕೆ ತಾಗಿ ಬ್ಲೇಡು ಮುಕ್ಕಾದಾಗ ಬೀಳೋದು.”

ಮೇಣಕ್ಕ ಬಗ್ಗಿ ನೋಡಿದಳು. ಇತ್ತು. ಸುತ್ತು, ಬಾಗಿಲು, ಗೀರು.

“ಎಂಟು ವರ್ಷದ ಹಿಂದೆ ಈ ಸುಣ್ಣ ನನ್ನ ಬ್ಲೇಡನ್ನ ಮುಕ್ಕು ಮಾಡಿತ್ತು. ಅವತ್ತು ಈ ಬ್ಲಾಕು ಮುಟ್ಟೋಕೆ ನಿಮಗ್ಯಾರಿಗೂ ಮನಸ್ಸು ಬರಲಿಲ್ಲ. ನಾನೇ ಮಾಡ್ತೀನಿ ಅಂದೆ.” ಮೇಷ್ಟ್ರು ಕಣ್ಣು ತೆಗೆದರು. ರೆಪ್ಪೆ ಒದ್ದೆಯಾಗಿತ್ತು. “ಇದು ನನ್ನ ಹೆಂಡತಿ.”

ಇನ್‌ಸ್ಪೆಕ್ಟರ್ ತಾನಾಗಿಯೇ ಟೋಪಿ ತೆಗೆದದ್ದು ಮೇಣಕ್ಕನಿಗೆ ಕಂಡಿತು.

ಅವಳಿಗೂ ಆ ದಿನ ನೆನಪಿತ್ತು. ಸಾಯುವ ಮುಂಚೆ ಆಕೆ ತಾನೇ ಬರೆದುಕೊಟ್ಟಿದ್ದರು. ಗಂಡ ಇಷ್ಟು ವರ್ಷ ಬೇರೆಯವರದನ್ನು ಜೋಪಾನ ಮಾಡಿದ್ದಾರೆ, ನನ್ನದೂ ಅಲ್ಲೇ ಇರಲಿ ಎಂದು. ಬ್ಯಾಂಕಿನಲ್ಲಿ ಯಾರಿಗೂ ಹೆಸರಿರುವುದಿಲ್ಲ, ಬರೀ ನಂಬರು. ಆ ನಂಬರು ಯಾವುದೆಂದು ಮೇಣಕ್ಕ ಎಂದೂ ಕೇಳಿರಲಿಲ್ಲ.

“ಎರಡು ಸಾವಿರದ ಮುನ್ನೂರ ಹದಿನೆಂಟು,” ಅಂದರು ಮೇಷ್ಟ್ರು, ಅವಳು ಕೇಳುವ ಮೊದಲೇ. “ಆ ಡ್ರಾಯರ್ ಮುಂದೆ ಹೋಗುವಾಗ ಸ್ವಲ್ಪ ನಿಧಾನ ನಡೀತೀನಿ. ಅಷ್ಟೆ.”

*

ಮೇಣಕ್ಕನ ತಲೆಯೊಳಗೆ ಏನೋ ಚಕ್ಕನೆ ಕೂಡಿಕೊಂಡಿತು. ಅವಳು ಎದ್ದು ನಿಂತಳು.

“ಸಾರ್, ಫೋರ್‌ಮನ್ ಬ್ಲಾಕು ಸಿಗುತ್ತೆ.”

“ಎಲ್ಲಿ?”

“ಕಳ್ಳ ಬರೀ ಸ್ಲೈಡು ಬದಲಾಯಿಸಿದರೆ ಸಾಲದು. ಕೋರ್ಟು ಇನ್ನೊಂದು ಸಲ ಕತ್ತರಿಸಿ ಕೊಡಿ ಅಂದರೆ ಸಿಕ್ಕಿಬೀಳ್ತಾನೆ. ಅದಕ್ಕೆ ಬ್ಲಾಕೂ ಬದಲಾಯಿಸಬೇಕು. ಮೇಣ ಕರಗಿಸಿ ಚೂರು ತೆಗೆದು ಇನ್ನೊಂದರ ನಂಬರಿನ ಅಚ್ಚಿಗೆ ಹಾಕೋದು ಇಪ್ಪತ್ತು ನಿಮಿಷದ ಕೆಲಸ. ಮೇಷ್ಟ್ರ ಮನೆಯ ಅಮ್ಮನ ಚೂರನ್ನ ಫೋರ್‌ಮನ್ ನಂಬರಿಗೆ ಹಾಕಿದರು. ಆಗ ಅಮ್ಮನ ನಂಬರು ಖಾಲಿ ಆಯಿತಲ್ಲ?”

“ಖಾಲಿ ಬಿಡಬಹುದು.”

“ಬಿಡೋಹಾಗಿಲ್ಲ. ಪ್ರತಿ ಸೋಮವಾರ ಭಂಡಾರದಲ್ಲಿ ಬ್ಲಾಕು ಎಣಿಸ್ತಾರೆ. ಒಂದು ಗೂಡು ಖಾಲಿ ಇದ್ದರೆ ಇಡೀ ಮಹಡಿ ನಿಲ್ಲುತ್ತೆ. ಗೂಡು ತುಂಬಲೇಬೇಕು. ತುಂಬೋಕೆ ಅವರ ಕೈಯಲ್ಲಿದ್ದದ್ದು ಒಂದೇ ಚೂರು.”

ಇನ್‌ಸ್ಪೆಕ್ಟರನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವನು ಓಡುತ್ತಲೇ ಕೇಳಿದ. “ಭಂಡಾರ ಯಾವ ಕಡೆ?”

“ಈ ಓಣಿಯ ಕೊನೆ.”

ದಾರಿಯಲ್ಲೇ ಅವಳು ಲೆಕ್ಕ ಹಾಕಿದಳು. ಕತ್ತರಿಸಲು ಹತ್ತು ನಿಮಿಷ. ಒಣಗಿಸಲು ಹದಿನೈದು. ಕಬ್ಬಿಣಕ್ಕೆ ನೀಲಿ ಏರುವ ಬಣ್ಣ ಹಾಕಿದರೆ ಕಲ್ನಾರಿನ ಎಳೆಗಳ ಮೇಲೆ ದೇಹ ಹೊದಿಸಿದ ಕಬ್ಬಿಣವೆಲ್ಲ ನೀಲಿ ಮಣಿಸರದ ಹಾಗೆ ಎದ್ದು ನಿಲ್ಲುತ್ತದೆ. ಅದಕ್ಕೆ ಅರ್ಧ ಗಂಟೆ. ಈಗ ಒಂದು ಇಪ್ಪತ್ತೈದು. ಎರಡೂವರೆಗೆ ಸ್ಲೈಡು ಸಿದ್ಧ. ಕೋರ್ಟಿಗೆ ಕಾರಿನಲ್ಲಿ ಹದಿನೈದು ನಿಮಿಷ. ಸಾಕು. ಕೈ, ಬ್ಲೇಡು ಹಿಡಿಯುವ ಮುಂಚಿನ ಹಾಗೆ, ತಣ್ಣಗಿತ್ತು.

ಭಂಡಾರದಲ್ಲಿ ನೆಲದಿಂದ ಸೂರಿನವರೆಗೆ ಉಕ್ಕಿನ ಡ್ರಾಯರುಗಳು. ಮೊದಲು ಫೋರ್‌ಮನ್ ನಂಬರಿನ ಬ್ಲಾಕು ತೆಗೆದು ಬೆಳಕಿಗೆ ಹಿಡಿದಳು. ಮೇಣದ ನಡುವೆ, ಶ್ವಾಸಕೋಶದ ಬೂದು ತುಂಡಿನೊಳಗೆ, ಸಾಸಿವೆಯಷ್ಟು ಬಿಳಿ ಚುಕ್ಕೆ. ಸುಣ್ಣ. ಅಮ್ಮ ಇಲ್ಲಿದ್ದಾರೆ.

“ಅರ್ಧ ಗೆದ್ದೆವು,” ಅಂದಳು.

ಮೇಷ್ಟ್ರು ಗೋಡೆ ಸವರಿಕೊಂಡು ಹಿಂದೆಯೇ ಬಂದಿದ್ದರು. ತಮ್ಮ ಡ್ರಾಯರಿಗೆ ಅವರಿಗೆ ಕಣ್ಣು ಬೇಕಿರಲಿಲ್ಲ. ಕಿಟಕಿಯಿಂದ ಮೂರನೇ ಸಾಲು, ಸೊಂಟದ ಎತ್ತರ ಎನ್ನುವಷ್ಟರಲ್ಲೇ ಕೈ ಹಿಡಿಕೆಯ ಮೇಲಿತ್ತು. ಎಳೆದರು. ಮೇಣಕ್ಕ ಬೆರಳು ಓಡಿಸಿದಳು. ಹದಿನಾರು, ಹದಿನೇಳು.

ಹದಿನೆಂಟರ ಗೂಡಿನಲ್ಲಿ ಬ್ಲಾಕು ಇರಲಿಲ್ಲ. ಒಂದು ಕೆಂಪು ಕಾರ್ಡು ನಿಂತಿತ್ತು.

ಅವಳಿಗೆ ಓದುವ ಮೊದಲೇ ಗೊತ್ತಾಯಿತು. ಕೆಂಪು ಕಾರ್ಡಿಗೆ ಈ ಬ್ಯಾಂಕಿನಲ್ಲಿ ಒಂದೇ ಅರ್ಥ. ಕೊಟ್ಟವರ ಕುಟುಂಬ ಮನಸ್ಸು ಬದಲಾಯಿಸಿ, ನಮ್ಮವರ ಚೂರು ಇಟ್ಟುಕೊಳ್ಳಬೇಡಿ ಎಂದು ಬರೆದುಕೊಟ್ಟರೆ ಬ್ಯಾಂಕು ಎದುರು ಮಾತಾಡುವ ಹಾಗಿಲ್ಲ. ಹದಿನೈದು ದಿನ ಕಾಯುತ್ತಾರೆ. ಹದಿನಾರನೇ ಬೆಳಿಗ್ಗೆ ಗೂಡಿನಿಂದ ತೆಗೆದು ಹಳದಿ ಚೀಲಕ್ಕೆ ಹಾಕುತ್ತಾರೆ. ಸುಡುವ ಕುಲುಮೆಗೆ ಒಯ್ಯುವ ಲಾರಿ ಮಧ್ಯಾಹ್ನ ಎರಡಕ್ಕೆ ಬರುತ್ತದೆ.

“ಅರ್ಜಿಯ ತಾರೀಕು ಹನ್ನೆರಡು,” ಎಂದು ಓದಿದ ಇನ್‌ಸ್ಪೆಕ್ಟರ್. “ಎಂಥ ತಲೆ. ಫೋರ್‌ಮನ್ ಬ್ಲಾಕು ನಾಶ ಮಾಡೋಕೆ ಕೋರ್ಟು ಬಿಡಲ್ಲ. ಅದಕ್ಕೇ ಬೇರೆಯವರ ನಂಬರಿಗೆ ಹಾಕಿ, ನಿಮ್ಮ ಕೈಯಿಂದಲೇ, ನಿಮ್ಮ ನಿಯಮದ ಪ್ರಕಾರವೇ ಸುಡಿಸ್ತಿದಾರೆ.” ಕಾರ್ಡು ತಿರುಗಿಸಿ ಹಿಂದೆ ಅಂಟಿಸಿದ್ದ ಅರ್ಜಿ ನೋಡಿದ. ಅವನ ದನಿ ಗಟ್ಟಿಯಾಯಿತು. “ಕುಟುಂಬದ ಪರವಾಗಿ ಸಹಿ ಮಾಡಿದವರು ಗಂಡ.”

ಮೇಷ್ಟ್ರು ಕೈ ಚಾಚಿದರು. ಕಾರ್ಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಸಹಿಯ ಮೇಲೆ ಹೆಬ್ಬೆರಳು ಆಡಿಸಿದರು.

“ಸಹಿ ನನ್ನದೇ.”

“ಮೇಷ್ಟ್ರೇ, ನೀವು…”

“ಅವಳನ್ನ ಸುಡಿ ಅಂತ ನಾನು ಬರೆದುಕೊಡ್ತೀನಾ?” ಮೊದಲ ಸಲ ಅವರ ದನಿ ಏರಿತು. “ಹನ್ನೆರಡನೇ ತಾರೀಕು ಆಸ್ಪತ್ರೆಗೆ ಹೊರಡೋ ಹೊತ್ತಿಗೆ ನಾಲ್ಕು ಕಾಗದ ಬಂತು. ನಿವೃತ್ತಿಯ ಕಾಗದ, ಇಲ್ಲಿ ಇಲ್ಲಿ ಹಾಕಿ ಅಂತ. ಓದೋಕೆ ಆಗಲ್ಲ ಅಂತ ಬಾಯಿ ಬಿಟ್ಟು ಹೇಳೋಕೆ ಆಗುತ್ತಾ? ಹಾಕಿದೆ.”

“ಯಾರು ತಂದರು?” ಅಂದ ಇನ್‌ಸ್ಪೆಕ್ಟರ್.

ಮೇಷ್ಟ್ರು ಆ ಬೂದು ಕಣ್ಣುಗಳನ್ನು ಮೇಣಕ್ಕನ ಕಡೆ ತಿರುಗಿಸಿದರು. ಈ ಸಲ ನೇರ ಅವಳ ಮುಖದ ಮೇಲೆ.

“ನೀನೇ ಅಲ್ಲವೇನೇ ತಂದುಕೊಟ್ಟಿದ್ದು?”

ಇನ್‌ಸ್ಪೆಕ್ಟರ್ ಮೆಲ್ಲಗೆ ಟೋಪಿ ಹಾಕಿಕೊಂಡ. ಬಾಗಿಲಿಗೂ ಮೇಣಕ್ಕನಿಗೂ ನಡುವೆ ಒಂದು ಹೆಜ್ಜೆ ಸರಿದು ನಿಂತ. “ಹೌದಾ ಮೇಣಕ್ಕನೋರೇ?”

ಹೌದು. ಕಂದು ಬಣ್ಣದ ಫೈಲು, ಮೇಲೆ ಕ್ಲಿಪ್ಪು. ಅವಳು ಬಿಚ್ಚಿ ನೋಡಿರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಎದುರಾಗಿ ಯಾರೋ ಕೈಗಿಟ್ಟಿದ್ದರು. ‘ಮೇಷ್ಟ್ರ ಸಹಿ ಬೇಕಂತೆ ಅಕ್ಕಾ, ನಿವೃತ್ತಿಯ ಕಾಗದ. ಆಫೀಸಿನವರು ನನ್ನ ಕೈಗೆ ಕೊಟ್ಟರು. ನನ್ನನ್ನ ಮೇಲೆ ಬಿಡಲ್ಲ, ನೀವೇ ಕೊಟ್ಟುಬಿಡಿ.’ ಕೋರ್ಟಿಗೆ ಸ್ಲೈಡು ಕಳಿಸಲು ವಾರಸುದಾರಳ ಒಪ್ಪಿಗೆ ಬೇಕಿತ್ತು, ಅದಕ್ಕೆಂದು ಅವತ್ತು ಬಂದಿದ್ದಳು. ಖಾಕಿ ಅಂಗಿ. ಹೆಗಲಲ್ಲಿ ಟಿಕೆಟಿನ ಚೀಲ.

“ನಾನೇ ತಂದೆ,” ಅಂದಳು ಮೇಣಕ್ಕ. “ನನಗೆ ಕೊಟ್ಟದ್ದು ಫೋರ್‌ಮನ್ ಮಗಳು.”

“ಸಾಕು ಮಾಡಿ. ಅಪ್ಪನ ಸಾಕ್ಷಿಯನ್ನ ಮಗಳೇ ಸುಡಿಸ್ತಾಳಾ? ತಮ್ಮ ನಾಳೆ ಅದೇ ಶೆಡ್ಡಿಗೆ ಹೋಗೋನು.”

“ನನಗೂ ಅರ್ಥ ಆಗ್ತಿಲ್ಲ ಸಾರ್. ಕೆಳಗೇ ಇದಾಳೆ, ಕೇಳೋಣ ಬನ್ನಿ.”

ಆಗ ಹಿತ್ತಲಿನ ಅಂಗಳದಿಂದ, ದೊಡ್ಡ ಗಾಡಿಯೊಂದರ ಇಂಜಿನ್ ಚಾಲೂ ಆದ ಸದ್ದು ಕೇಳಿಸಿತು. ಮೂವರೂ ಕಿಟಕಿಯತ್ತ ತಿರುಗಿದರು. ಒಂದು ಗಂಟೆ ಮೂವತ್ತೆಂಟು. ಲಾರಿ ಎಂದೂ ಇಷ್ಟು ಬೇಗ ಬಂದದ್ದಿಲ್ಲ.

ಮೇಣಕ್ಕ ಗಾಜಿಗೆ ಹಣೆ ಒತ್ತಿದಳು. ಹಳದಿ ಚೀಲಗಳನ್ನು ಆಗಲೇ ಏರಿಸಿಯಾಗಿತ್ತು. ಹಿಂದಿನ ಬಾಗಿಲಿಗೆ ಅಗುಳಿ ಬೀಳುತ್ತಿತ್ತು. ಕೆಳಗಿನ ಬೆಂಚು ಖಾಲಿ.

ಖಾಕಿ ಅಂಗಿಯ ಹೆಂಗಸು ಲಾರಿಯ ಮಗ್ಗುಲಿಗೆ ಬಂದಳು. ದಿನಾ ಬಸ್ಸು ಹತ್ತಿ ಅಭ್ಯಾಸವಾದವಳ ಹಾಗೆ ಒಂದೇ ಹೆಜ್ಜೆಗೆ ಚಾಲಕನ ಪಕ್ಕದ ಸೀಟಿಗೆ ಏರಿದಳು. ಬಾಗಿಲು ಎಳೆದುಕೊಳ್ಳುವ ಮುಂಚೆ ತಲೆ ಎತ್ತಿ ಎರಡನೇ ಮಹಡಿಯ ಕಿಟಕಿಯತ್ತ, ನೇರ ಮೇಣಕ್ಕನ ಕಣ್ಣಿಗೇ ನೋಡಿದಳು.

ಆಮೇಲೆ ಬಾಗಿಲ ತಗಡಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದಳು, ರೈಟ್ ಅನ್ನುವ ಹಾಗೆ. ಲಾರಿ ಹೊರಟಿತು.